ಆಮೆನ್ ಹೇಳುವ ತನಕ

ಟಿಣ್.

ಊರೆಲ್ಲ ಮಲಗಿದ ಮೇಲೆ ಹಲಗೆ ಗೋಡೆಯ ಆಚೆಯಿಂದ ಬಂದ ಸದ್ದು ಅದು. ಗಾಜಿನ ಲೋಟಕ್ಕೆ ಚಮಚ ತಾಗಿದ್ದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಿಣ್, ಟಿಣ್. ದುಮಾರಿಯಾ ಕತ್ತಲಲ್ಲೇ ಕಣ್ಣು ಬಿಟ್ಟಳು. ಪಕ್ಕದ ಮನೆಯಲ್ಲಿ, ಎಂದರೆ ಅವಳ ತವರಿನಲ್ಲಿ, ಹಾಸಿಗೆ ಹಿಡಿದ ಅಮ್ಮ ಸೊಸೆಯನ್ನು ಕರೆಯುತ್ತಿದ್ದಳು. ಒಂದು ಮಗ್ಗುಲು ಬಿದ್ದುಹೋದ ಮೇಲೆ ಅಮ್ಮನಿಗೆ ಮಾತು ತೊದಲುತ್ತಿತ್ತು. ಕೂಗುವುದಕ್ಕೆ ಉಳಿದದ್ದು ಆ ಚಮಚವೊಂದೇ.

ಆಚೆ ಚಾಪೆ ಸರಿಯಿತು. ಕಾಲೆಳೆಯುತ್ತ ಯಾರೋ ನಡೆದರು. ಬಕೆಟ್ಟಿಗೆ ನೀರು ಬಿತ್ತು. ಅತ್ತಿಗೆ ಸೊಂದಾಂಗ್ ಎದ್ದಳೆಂದು ತಿಳಿಯಿತು. ಹಾಗೆಂದು ದುಮಾರಿಯಾ ಸುಮ್ಮನೆ ಮಲಗಿರುವ ಹೆಂಗಸಲ್ಲ. ಹೊದಿಕೆಯ ಒಳಗೇ ಕೈ ಜೋಡಿಸಿ, "ಕರ್ತನೇ, ನನ್ನ ಅತ್ತಿಗೆಗೆ ಬಲ ಕೊಡು" ಎಂದು ಮನಸ್ಸಿಟ್ಟು ಬೇಡಿಕೊಂಡಳು. ಆಮೇಲೆ ಆಮೆನ್ ಹೇಳಿ, ಮಗ್ಗುಲು ಬದಲಿಸಿದಳು. ಕರ್ತನ ಕರುಣೆ ದೊಡ್ಡದು. ಆಮೆನ್ ಮುಗಿಯುವಷ್ಟರಲ್ಲಿ ಅವಳಿಗೆ ನಿದ್ದೆ ಬಂದಿರುತ್ತಿತ್ತು.

ಅಮ್ಮ ಬಿದ್ದಾಗಿನಿಂದ ಕಷ್ಟವನ್ನು ಇಬ್ಬರೂ ಹೀಗೆ ಹಂಚಿಕೊಂಡಿದ್ದರು. ಎತ್ತುವುದು, ತೊಳೆಯುವುದು, ಉಣಿಸುವುದು ಸೊಂದಾಂಗಳದು. ಪ್ರಾರ್ಥನೆ ದುಮಾರಿಯಾಳದು. ಕೇಳಿದವರಿಗೆಲ್ಲ ಅವಳು ತನ್ನ ಪಾಲೇ ಭಾರವಾದದ್ದೆಂದು ಹೇಳುತ್ತಿದ್ದಳು. ಕೈಕಾಲಿನ ದಣಿವು ಒಂದು ಲೋಟ ಕಾಫಿಗೆ ಹೋಗುತ್ತದೆ, ಆತ್ಮದ ದಣಿವು ಎಲ್ಲಿಗೆ ಹೋಗಬೇಕು? ಅಣ್ಣ ಪಾರ್ಲಿನ್, ಎಂದರೆ ಸೊಂದಾಂಗಳ ಗಂಡ, ದೂರದ ಪಟ್ಟಣ ಪೆಕಾನ್‌ಬಾರುವಿನಲ್ಲಿ ಲಾರಿ ಓಡಿಸುತ್ತಿದ್ದ, ಕ್ರಿಸ್ಮಸ್ಸಿಗೆ ಬಂದು ಅಮ್ಮನ ಪಾದ ಹಿಡಿದು ಅತ್ತು ಹೋಗುತ್ತಿದ್ದ. ತಾಯಿ ಸೊಸೆಯ ಪಾಲು, ಕೊಟ್ಟ ಹೆಣ್ಣು ಬೇರೆ ಕುಲದವಳು ಎನ್ನುವುದು ಅವರ ಬಟಕ ಜನಾಂಗದ ಕಟ್ಟಳೆ. ದುಮಾರಿಯಾಳ ಗಂಡ ಸಾಹಾತ್ ಮಾವನ ಜಾಗದಲ್ಲೇ ಮನೆ ಕಟ್ಟಿದ್ದ, ಮಾವನ ಗದ್ದೆಯನ್ನೇ ಉಳುತ್ತಿದ್ದ, ಮಾವ ನೆಟ್ಟ ಮರದ ಮಾವಿನಹಣ್ಣನ್ನೇ ತಿನ್ನುತ್ತಿದ್ದ. ಆಗೆಲ್ಲ ಅವಳು ಈ ಮನೆಯ ಮಗಳು. ಅಮ್ಮನ ಬಟ್ಟೆ ಒದ್ದೆಯಾದಾಗ ಮಾತ್ರ ಅವಳಿಗೆ ತಾನು ಬೇರೆ ಕುಲದವಳೆಂಬುದು ನೆನಪಾಗುತ್ತಿತ್ತು.

ಬೆಳಿಗ್ಗೆ ನಲ್ಲಿಯ ಕಟ್ಟೆಯಲ್ಲಿ ಸೊಂದಾಂಗ್ ಹಾಸಿಗೆಯ ಬಟ್ಟೆ ಒಗೆಯುತ್ತಿದ್ದಳು. ದುಮಾರಿಯಾ ತರಕಾರಿ ತೊಳೆಯುವ ನೆಪದಲ್ಲಿ ಹೋಗಿ ನಿಂತಳು.

"ಎದಾ, ಸೋಪು ಕಲ್ಲಿಗೆ ಹಚ್ತಿದೀಯ" ಎಂದಳು. ಅತ್ತಿಗೆ ನಾದಿನಿಯರು ಒಬ್ಬರನ್ನೊಬ್ಬರು ಕರೆಯುವುದು ಆ ಒಂದೇ ಮಾತಿನಲ್ಲಿ. ಇಬ್ಬರಿಗೂ ಸಮವಾಗಿ ಹಂಚಿಕೆಯಾದದ್ದು ಅದೊಂದೇ.

ಸೊಂದಾಂಗ್ ಕೈ ನೋಡಿಕೊಂಡಳು. "ಹೌದಲ್ವಾ. ಹೋಗ್ಲಿ ಬಿಡು, ಕಲ್ಲಿಗಾದ್ರೂ ಸ್ನಾನ ಆಯ್ತು. ನಂಗಂತೂ ಆಗಿಲ್ಲ."

"ರಾತ್ರಿ ಅಮ್ಮ ಕರೆದ್ಲಾ?"

"ಯಾವತ್ತು ಕರೀಲಿಲ್ಲ?" ಸೊಂದಾಂಗ್ ಬಟ್ಟೆ ಕೆಳಗಿಟ್ಟಳು. ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ಎದಾ, ಬೇಜಾರು ಮಾಡ್ಕೋಬೇಡ. ಒಂದೇ ಒಂದು ರಾತ್ರಿ ನೀನು ಅಮ್ಮನ ಹತ್ರ ಮಲಗ್ತೀಯಾ? ನಾನು ನಿಮ್ಮನೆ ಮೂಲೇಲಿ ಎಲ್ಲಾದ್ರೂ ಬಿದ್ಕೋತೀನಿ. ನಂಗೆ ನನ್ನ ಮೇಲೇ ಭಯ ಆಗೋಕೆ ಶುರುವಾಗಿದೆ. ಮೊನ್ನೆ ರಾತ್ರಿ ಅಮ್ಮನ ದಿಂಬು ಸರಿಮಾಡೋಣ ಅಂತ ತೆಗೆದೆ. ತೆಗೆದವಳು ದಿಂಬು ಕೈಲಿ ಹಿಡ್ಕೊಂಡು ಅವಳ ಮುಖ ನೋಡ್ತಾ ನಿಂತುಬಿಟ್ಟಿದ್ದೆ. ಯಾಕೆ ನಿಂತಿದ್ದೆ ಅಂತ ಗೊತ್ತಿಲ್ಲ. ಎಷ್ಟೊತ್ತು ನಿಂತಿದ್ದೆ ಅಂತಾನೂ ಗೊತ್ತಿಲ್ಲ."

ದುಮಾರಿಯಾ ಊರಿನ ಕೆಳಗಿದ್ದ ಸರೋವರದ ಕಡೆ ನೋಡಿದಳು. ಕೆಲವು ಮಾತುಗಳಿರುತ್ತವೆ, ಕೇಳಿಸಿಕೊಂಡರೆ ಆಮೇಲೆ ಏನಾದರೂ ಮಾಡಲೇಬೇಕಾಗುತ್ತದೆ. ಆದ್ದರಿಂದ ಅವಳು ಕೇಳಿಸಿಕೊಳ್ಳಲಿಲ್ಲ.

"ಸೈತಾನ ದಣಿದವರ ಕಿವೀಲೇ ಪಿಸುಗುಟ್ಟೋದು, ಎದಾ. ಹೆದರಬೇಡ. ಬುಧವಾರದ ಉಪವಾಸದಲ್ಲಿ ನಿನ್ನ ಹೆಸರನ್ನೇ ಮೊದಲು ಹೇಳ್ತಿದೀನಿ."

"ನೀನು ಉಪವಾಸ ಮಾಡಿದ್ರೆ ನಂಗೆ ನಿದ್ದೆ ಬರುತ್ತಾ?"

"ನನ್ನ ಬೆನ್ನು ನಿಂಗೆ ಗೊತ್ತೇ ಇದೆ."

"ಗೊತ್ತಿಲ್ದೆ ಏನು. ಹಾಡೋ ಮೇಳದಲ್ಲಿ ಹೊತ್ತುಗಟ್ಲೆ ಕಂಬದ ಹಾಗೆ ನಿಂತಿರುತ್ತಲ್ಲ, ಅದೇ ಬೆನ್ನು."

ದುಮಾರಿಯಾ ಇದನ್ನು ಕ್ಷಮಿಸಿದಳು. ಕ್ಷಮಿಸುವುದು ಅವಳಿಗೆ ಯಾವತ್ತೂ ಸುಲಭ. ಕ್ಷಮಿಸಿದ್ದನ್ನು ಮರೆಯುವುದಷ್ಟೇ ಕಷ್ಟ. "ದೇವರು ಬಲ ಕೊಡ್ತಾನೆ" ಎಂದಳು. "ಇನ್ನೊಂದು ವಿಷಯ. ಈ ಗುರುವಾರದ ಪ್ರಾರ್ಥನಾ ಕೂಟ ಅಮ್ಮನ ಮನೇಲೇ ಇಟ್ಕೊಳ್ಳೋಣ. ಪಾದ್ರಿಗಳೂ ಬರ್ತಾರೆ."

ಸೊಂದಾಂಗ್ ಬಾಯಿ ತೆರೆದಳು. "ನಮ್ಮನೇಲಾ? ಅಷ್ಟು ಜನಕ್ಕೆ ಕಾಫಿ, ಕಡುಬು ಯಾರು ಮಾಡೋದು?"

"ಹೇಳಿದ್ನಲ್ಲ, ದೇವರು ಬಲ ಕೊಡ್ತಾನೆ ಅಂತ."

ಸೊಂದಾಂಗ್ ಒದ್ದೆ ಬಟ್ಟೆಯನ್ನು ಎತ್ತಿ ಕಲ್ಲಿಗೆ ಬಡಿದಳು. ಬಡಿದ ರಭಸ ನೋಡಿದರೆ ಬಲ ಆಗಲೇ ಬಂದ ಹಾಗಿತ್ತು.

ಕೂಟ ಅಲ್ಲೇ ಆಗಬೇಕೆನ್ನುವುದಕ್ಕೆ ಕಾರಣವಿತ್ತು. ಅವರ ಊರು ಲುಂಬಾನ್ ತೊಂಗಾದ ಕ್ರೈಸ್ತ ಸಭೆಗೆ ಹೊಸ ಹಿರಿಯರು ಬೇಕಾಗಿದ್ದರು. ಈ ಕೇರಿಯಿಂದ ಒಬ್ಬರ ಹೆಸರು ಹೇಳಿ, ಗುರುವಾರ ನಾನೇ ಬಂದು ಕೇಳಿಕೊಳ್ಳುತ್ತೇನೆ ಎಂದು ಪಾದ್ರಿ ಸಿಲಿತೋಂಗಾ ತಿಳಿಸಿದ್ದರು. ಸಭಾಹಿರಿಯಳಾಗುವುದೆಂದರೆ ಕಪ್ಪು ನಿಲುವಂಗಿ ತೊಟ್ಟು ಮುಂದಿನ ಬೆಂಚಿನಲ್ಲಿ ಕೂರುವುದು, ಮದುವೆಯಲ್ಲೂ ಸಾವಿನಲ್ಲೂ ಮೊದಲ ಮಾತು ಆಡುವುದು. ದುಮಾರಿಯಾ ಬಹಳ ವರ್ಷಗಳಿಂದ ಬಯಸಿದ್ದು ಅದೊಂದೇ. ರವಿಕೆ ಹೊಲಿಸುವ ನೆಪದಲ್ಲಿ ದರ್ಜಿಗೆ ನಿಲುವಂಗಿಯ ಅಳತೆಯನ್ನೂ ಕೊಟ್ಟು ಬಂದಿದ್ದಳು.

ಅರ್ಹತೆ ಇರಲಿಲ್ಲವೆಂದು ಯಾರೂ ಹೇಳುವಂತಿಲ್ಲ. ಊರಿನಲ್ಲಿ ಯಾರಿಗೆ ಏನೇ ಆಗಲಿ, ಅವಳು ಮೊದಲು ಹೋಗಿ ನಿಲ್ಲುತ್ತಿದ್ದಳು. ಮೀನು ಹಿಡಿಯುವ ಮಾಂಗಾಸಿಯ ದೋಣಿ ಮುಳುಗಿದಾಗ ಹೋಗಿದ್ದಳು. ಎದುರು ಮನೆಯ ತಿಯಾಮ್ಸಾಳ ಹಂದಿಗಳು ರೋಗ ಬಂದು ಸತ್ತಾಗ ಹೋಗಿದ್ದಳು. ಹೋದಲ್ಲೆಲ್ಲ ಹದ್ದು ರೆಕ್ಕೆ ಬಿಚ್ಚಿ ಹಾರುವ ಚಿತ್ರದ ಕ್ಯಾಲೆಂಡರೊಂದನ್ನು ಕೊಟ್ಟು, ದೇವರು ಬಲ ಕೊಡುತ್ತಾನೆಂದು ಹೇಳಿ, ಕೈ ಹಿಡಿದು ದೀರ್ಘವಾಗಿ ಪ್ರಾರ್ಥಿಸಿ ಬರುತ್ತಿದ್ದಳು. "ದುಮಾರಿಯಾ ಬಂದು ಹೋದ್ಮೇಲೆ ಸತ್ತ ಹಂದಿಗೂ ಬಲ ಬಂತು ಕಣ್ರೇ" ಎಂದು ತಿಯಾಮ್ಸಾ ಬಾವಿಕಟ್ಟೆಯಲ್ಲಿ ಹೇಳಿದ್ದುಂಟು. "ಇನ್ನೊಂದು ಪ್ರಾರ್ಥನೆ ಶುರುವಾಗೋಕೆ ಮುಂಚೆ ಎದ್ದು ಓಡ್ತಾ ಇತ್ತು, ನಾವೇ ಹಿಡ್ಕೊಂಡ್ವಿ."

ಕೂಟದ ಶಿಸ್ತು ತಂದವಳೂ ಅವಳೇ. ಹಿಂದೆಲ್ಲ ಪ್ರಾರ್ಥನೆಯ ನಡುವೆ ಜನ ಕೆಮ್ಮುತ್ತಿದ್ದರು, ಕಡುಬು ಎಣಿಸುತ್ತಿದ್ದರು, ತಿಯಾಮ್ಸಾಳಂತೂ ಕಾಫಿಯನ್ನೇ ಹೀರುತ್ತಿದ್ದಳು. ದುಮಾರಿಯಾ ಎರಡು ನಿಯಮ ಮಾಡಿದಳು. ಪ್ರಾರ್ಥಿಸುವವರು ಬಾಯಿ ತೆರೆಯುವ ಮೊದಲು ಆತ್ಮ ತಾನಾಗಿ ಮಾತು ಕೊಡುವವರೆಗೂ ಮೌನವಾಗಿ ಕಾಯಬೇಕು. ಮತ್ತು ಅವರು ಆಮೆನ್ ಹೇಳುವ ತನಕ ಉಳಿದವರು ಕಣ್ಣು ತೆರೆಯಬಾರದು, ಜಾಗ ಬಿಟ್ಟು ಏಳಬಾರದು. ಅವಳೊಬ್ಬಳು ಆಗಾಗ ರೆಪ್ಪೆ ಸಂದಿಯಿಂದ ನೋಡುತ್ತಿದ್ದಳು. ಎಲ್ಲರೂ ಕಣ್ಣು ಮುಚ್ಚಿದ್ದಾರೋ ಇಲ್ಲವೋ ಎಂದು ನೋಡುವುದಕ್ಕೂ ಯಾರಾದರೂ ಬೇಕಲ್ಲ.

ಗುರುವಾರ ಮಧ್ಯಾಹ್ನ ಸೊಂದಾಂಗ್ ಬಾಳೆಲೆಯಲ್ಲಿ ಬೆಲ್ಲದ ಕಡುಬು ಸುತ್ತುತ್ತಿದ್ದಾಗ ದುಮಾರಿಯಾ ಅಡುಗೆಮನೆಗೆ ಬಂದಳು.

"ಕೊನೇ ಪ್ರಾರ್ಥನೆ ಮನೆಯವಳದೇ ಅನ್ನೋದು ನೆನಪಿದೆಯಲ್ಲ? ಕಷ್ಟದಲ್ಲಿ ಕರ್ತನು ಹೇಗೆ ಬಲ ಕೊಟ್ಟ ಅಂತ ಎರಡು ಮಾತು ಹೇಳು. 'ನನ್ನ ನಾದಿನಿ ಪ್ರಾರ್ಥನೇನೇ ನಂಗೆ ಊರುಗೋಲು' ಅಂತ ಏನಾದ್ರೂ ಬಾಯಿಗೆ ಬಂದ್ರೆ ತಡೀಬೇಡ. ಬಲವಂತ ಏನಿಲ್ಲ."

"ಬರದೇ ಇದ್ರೆ?"

"ಬರುತ್ತೆ. ಮೌನವಾಗಿ ಕಾದ್ರೆ ಬರುತ್ತೆ."

ಸೊಂದಾಂಗ್ ತಲೆಯಾಡಿಸಿದಳು. ಕೈಯಲ್ಲಿದ್ದ ಕಡುಬನ್ನು ಒಂದು ಸಲ ಸುತ್ತಿ, ಮತ್ತೆ ಬಿಚ್ಚಿ, ಮತ್ತೆ ಸುತ್ತಿದಳು. ಅವಳು ಕೇಳಿಸಿಕೊಂಡಳೋ ಇಲ್ಲವೋ ದುಮಾರಿಯಾಳಿಗೆ ಸಂಶಯ ಬಂತು. ಸಂಶಯ ಅವಳಿಗೆ ಎಲ್ಲದರ ಮೇಲೂ ಬರುತ್ತಿತ್ತು. ಹಾಗಾಗಿ ಇನ್ನೊಂದು ಸಲ ಹೇಳಿ ಹೋದಳು.

ಸಂಜೆ ಮನೆ ತುಂಬಿತು. ಚಾಪೆಗಳ ಮೇಲೆ ಒಬ್ಬರ ಮೊಣಕಾಲು ಇನ್ನೊಬ್ಬರಿಗೆ ತಾಗುವಂತೆ ಜನ ಕೂತರು. ಅಮ್ಮನ ಕೋಣೆಯ ದೀಪ ಆರಿಸಿ ಪರದೆ ಎಳೆದಿದ್ದರು. ಪರದೆಯ ಪಕ್ಕದಲ್ಲಿ ದುಮಾರಿಯಾ, ಅವಳ ಮುಂದೆ ಗಂಡ ಸಾಹಾತ್, ಎದುರುಗಡೆ ಹದ್ದಿನ ಕ್ಯಾಲೆಂಡರಿನ ಕೆಳಗೆ ಕಂಬಕ್ಕೆ ಒರಗಿ ಸೊಂದಾಂಗ್, ಅವಳ ಬಲಕ್ಕೆ ಪಾದ್ರಿ. ಗಂಡಸರ ದಪ್ಪ ದನಿ, ಹೆಂಗಸರ ತೆಳು ದನಿ ಬೇರೆ ಬೇರೆ ಎಳೆಯಾಗಿ ಸೇರಿ ಹಾಡು ಮೇಲೆದ್ದಾಗ ಮನೆಯ ಹಲಗೆಗಳು ಸಣ್ಣಗೆ ಅದುರಿದವು. ಬಟಕರು ಹಾಡಿಗೆ ಮೋಸ ಮಾಡುವವರಲ್ಲ. ಮೋಸವೇನಿದ್ದರೂ ಹಾಡು ಮುಗಿದ ಮೇಲೆ.

ಹಾಡಿನ ನಂತರ ಪ್ರಾರ್ಥನೆಗಳು. ಆರಂಭದ ಪ್ರಾರ್ಥನೆ, ದೇಶಕ್ಕಾಗಿ ಪ್ರಾರ್ಥನೆ, ಗದ್ದೆಗಾಗಿ, ದೂರದಲ್ಲಿರುವ ಮಕ್ಕಳಿಗಾಗಿ, ರೋಗಿಗಳಿಗಾಗಿ. ಮಾಂಗಾಸಿ ತನ್ನ ಸರದಿಯಲ್ಲಿ ಮುಳುಗಿದ ದೋಣಿಯನ್ನು ಇನ್ನೊಮ್ಮೆ ಎತ್ತಿ ಇನ್ನೊಮ್ಮೆ ಮುಳುಗಿಸಿದ. ದುಮಾರಿಯಾ ಅಮ್ಮನಿಗಾಗಿ ಪ್ರಾರ್ಥಿಸಿದಾಗ ಎರಡು ಕಡೆ ಮೂಗು ಒರೆಸಿಕೊಂಡ ಸದ್ದು ಕೇಳಿತು. ಅವಳಿಗೆ ಸಮಾಧಾನವಾಯಿತು.

"ಈಗ ಮನೆಯೊಡತಿ" ಎಂದರು ಪಾದ್ರಿ. "ಈ ಸಹೋದರಿ ಹೊತ್ತ ಭಾರ ನಮಗೆಲ್ಲ ಗೊತ್ತು. ಬಲ ಎಲ್ಲಿಂದ ಬರುತ್ತೆ ಅಂತ ಇವರ ಬಾಯಿಂದಲೇ ಕೇಳೋಣ."

ಸೊಂದಾಂಗ್ ಕೈ ಜೋಡಿಸಿ ತಲೆ ತಗ್ಗಿಸಿದಳು. ಎಲ್ಲರೂ ಕಣ್ಣು ಮುಚ್ಚಿದರು.

ಮೌನ ಬಂತು. ಚೆನ್ನಾಗಿದೆ, ಕಾಯುತ್ತಿದ್ದಾಳೆ ಎಂದುಕೊಂಡಳು ದುಮಾರಿಯಾ. ಮೌನ ಬೆಳೆಯಿತು. ಹೊರಗೆ ನಾಯಿ ಬೊಗಳಿ ನಿಲ್ಲಿಸಿತು. ಯಾರದೋ ಹೊಟ್ಟೆ ಗುರುಗುಟ್ಟಿತು. ಕಡುಬಿನ ಮೇಲಿನ ಹಬೆ ಆರುತ್ತ ಬಂತು. "ನಾದಿನಿ" ಎನ್ನುವ ಮಾತಿಗಾಗಿ ಕಿವಿ ನೆಟ್ಟು ಕೂತಿದ್ದ ದುಮಾರಿಯಾ ತಡೆಯಲಾರದೆ ರೆಪ್ಪೆ ಸಂದಿಯಿಂದ ನೋಡಿದಳು.

ಸೊಂದಾಂಗಳ ತಲೆ ಕಂಬಕ್ಕೆ ಒರಗಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ತುಟಿಯ ಮೂಲೆಯಿಂದ ಜೊಲ್ಲಿನ ಎಳೆಯೊಂದು ಗದ್ದದವರೆಗೆ ಇಳಿದಿತ್ತು. ಜೋಡಿಸಿದ ಕೈಗಳು ಮಾತ್ರ ಹಾಗೇ ಇದ್ದವು, ನಿದ್ದೆಯಲ್ಲೂ ಮರ್ಯಾದೆ ಬಿಡದೆ.

ದುಮಾರಿಯಾಳ ಮೈ ಬಿಸಿಯಾಯಿತು. ಇಡೀ ಕೇರಿ, ಪಾದ್ರಿಯ ಸಮೇತ, ಕಣ್ಣು ಮುಚ್ಚಿ ಒಂದು ಗೊರಕೆಗಾಗಿ ಕಾಯುತ್ತಿದೆ! ಎಬ್ಬಿಸೋಣವೆಂದರೆ ನಡುವೆ ಮೂರು ಸಾಲು ಮೊಣಕಾಲು. ಕೆಮ್ಮೋಣವೆಂದರೆ ಕೆಮ್ಮಬಾರದೆಂದು ನಿಯಮ ಮಾಡಿದವಳು ತಾನೇ. ಎಲ್ಲರೂ ಆತ್ಮಕ್ಕಾಗಿ ಕಾಯುತ್ತಿದ್ದರು, ಅವಳು ಕಲಿಸಿದ ಹಾಗೆಯೇ, ಚಾಚೂ ತಪ್ಪದೆ.

ಆಗ ಪರದೆಯ ಹಿಂದಿನಿಂದ ಸದ್ದು ಬಂತು. ಟಿಣ್.

ಯಾರೂ ಕದಲಲಿಲ್ಲ. ಸೊಂದಾಂಗಳೂ ಕದಲಲಿಲ್ಲ. ಎಷ್ಟೋ ರಾತ್ರಿ ಅವಳನ್ನು ಎಬ್ಬಿಸಿದ ಚಮಚ ಈಗ ಅವಳ ನಿದ್ದೆಯ ತಳ ಮುಟ್ಟುತ್ತಿರಲಿಲ್ಲ. ಟಿಣ್, ಟಿಣ್, ಟಿಣ್. ಪಾದ್ರಿಯ ಹುಬ್ಬು ಗಂಟಿಕ್ಕಿತು. ಇನ್ನೊಂದು ಸಲ ಬಡಿದರೆ ಯಾರಾದರೂ ಕಣ್ಣು ಬಿಡುತ್ತಾರೆ. ಬಿಟ್ಟರೆ ಜೊಲ್ಲು ನೋಡುತ್ತಾರೆ. ನೋಡಿದರೆ ಲುಂಬಾನ್ ತೊಂಗಾದಲ್ಲಿ ಇನ್ನು ಹತ್ತು ವರ್ಷ ಈ ಮನೆತನದ ಹೆಸರು ಬಂದಾಗಲೆಲ್ಲ ಜನ ಗೊರಕೆ ಹೊಡೆದು ತೋರಿಸುತ್ತಾರೆ. ಅಂಥ ಮನೆತನದಿಂದ ಹಿರಿಯಳನ್ನು ಯಾರು ಆರಿಸುತ್ತಾರೆ?

ದುಮಾರಿಯಾ ಕೂತಲ್ಲಿಂದಲೇ ಹಿಂದೆ ಜರುಗಿ ಪರದೆಯೊಳಗೆ ನುಸುಳಿದಳು. ಅವಳ ಉದ್ದೇಶ ಇಷ್ಟೇ: ಚಮಚ ಕಿತ್ತುಕೊಂಡು ವಾಪಸು ಬರುವುದು.

ಒಳಗೆ ಕತ್ತಲು. ವಾಸನೆ ಮುಖಕ್ಕೆ ಹೊಡೆಯಿತು. ಅವಳು ತಡಕಾಡಿ ಚಮಚ ಹಿಡಿದಳು. ಅಮ್ಮನ ಕೈ ಅದನ್ನು ಬಿಟ್ಟು ಅವಳ ಮಣಿಕಟ್ಟನ್ನು ಹಿಡಿಯಿತು.

"ಸೊಂದಾಂಗ್" ಎಂದಳು ಅಮ್ಮ, ತೊದಲುತ್ತ, ಪಿಸುದನಿಯಲ್ಲಿ. "ಬಂದ್ಯಾ. ಪೂರ್ತಿ ಒದ್ದೆ ಆಗೋಯ್ತು. ಅವಳ್ನ ಕರೀಬೇಡ."

ಯಾರನ್ನು ಎಂದು ಕೇಳಬೇಕಾಗಿರಲಿಲ್ಲ. ಅಮ್ಮನೇ ಹೇಳಿದಳು.

"ದುಮಾರಿಯಾನ. ಬಂದ್ರೆ ಮೊದ್ಲು ಪ್ರಾರ್ಥನೆ ಮಾಡ್ತಾಳೆ. ಆಮೆನ್ ಅನ್ನು ಅಂತಾಳೆ. ನಂಗೆ ನಾಲಗೆ ಹೊರಳಲ್ಲ. ನಾನು ಅನ್ನೋ ತನಕ ಬಿಡಲ್ಲ ಅವಳು. ಅಲ್ಲೀ ತನಕ ಹಿಂಗೇ ಬಿದ್ದಿರ್ಬೇಕು."

ಪರದೆಯ ಆಚೆ ಪವಿತ್ರ ಮೌನ. ಈಚೆ ದುಮಾರಿಯಾ ಒಂದು ಕೈಯಲ್ಲಿ ಚಮಚ ಹಿಡಿದು ನಿಂತಿದ್ದಳು. ಹೊರಟುಹೋಗಬಹುದಿತ್ತು. ಚಮಚ ಸಿಕ್ಕಿತ್ತು. ಆದರೆ ಅಮ್ಮ ಮಣಿಕಟ್ಟು ಬಿಟ್ಟಿರಲಿಲ್ಲ.

ಅವಳು ಬಗ್ಗಿ ಅಮ್ಮನ ಸೊಂಟದ ಕೆಳಗೆ ಕೈ ಹಾಕಿದಳು. ಅಮ್ಮ ಹಿಂದೆ ಮೆಣಸಿನ ಮೂಟೆ ಹೊತ್ತು ಗುಡ್ಡ ಇಳಿಯುತ್ತಿದ್ದ ಹೆಂಗಸು. ಕೃಶವಾಗಿದ್ದರೂ ಮೂಳೆ ಹಗುರವಾಗಿರಲಿಲ್ಲ. ಎತ್ತಲು ಆಗಲಿಲ್ಲ. ಬೆನ್ನಿನಲ್ಲಿ ಚಳುಕು ಎದ್ದಿತು. ಬೆನ್ನುನೋವು ನಿಜವೇ ಎನ್ನುವುದು ಅವಳಿಗೂ ಆಗಲೇ ಖಾತ್ರಿಯಾದದ್ದು. ಅಭ್ಯಾಸ ಬಲದಿಂದ "ಕರ್ತನೇ" ಎನ್ನುವುದು ತುಟಿಯವರೆಗೆ ಬಂತು. ನುಂಗಿಕೊಂಡಳು. ಆ ಒಂದು ಮಾತು ಆಡಿದರೆ ಅಮ್ಮ ಗುರುತು ಹಿಡಿಯುತ್ತಾಳೆ. ಪ್ರಾರ್ಥಿಸುವ ಹಾಗಿಲ್ಲ, ವಚನ ಹೇಳುವ ಹಾಗಿಲ್ಲ, ಅಯ್ಯೋ ಎನ್ನುವ ಹಾಗೂ ಇಲ್ಲ. ಅವಳ ಹತ್ತಿರ ಇದ್ದದ್ದೆಲ್ಲ ಬಾಯಲ್ಲೇ ಇತ್ತು. ಬಾಯಿ ಮುಚ್ಚಿದ ಮೇಲೆ ಉಳಿದದ್ದು ಎರಡು ಕೈ.

ಎರಡನೆಯ ಸಲ ಎತ್ತಿದಳು. ಅಮ್ಮ ಮಗ್ಗುಲಾದಳು.

ಹೇಗೆ ಆಯಿತೆಂದು ಕೇಳಿದ್ದರೆ ಅವಳು ಹೇಳಲಾರಳು. ಒದ್ದೆ ಬಟ್ಟೆ ಎಳೆದು ತೆಗೆದಳು. ಬಕೆಟ್ಟಿನಲ್ಲಿ ಬಟ್ಟೆ ಅದ್ದಿ ಒರೆಸಿದಳು, ಸೋಪು ಹಾಕಿ ಮತ್ತೆ ಒರೆಸಿದಳು. ಅಮ್ಮನ ಬೆನ್ನಿನ ಕೆಳಗೆ ಒಂದು ಕಡೆ ಚರ್ಮ ಬಿಸಿಯಾಗಿ ಮೆತ್ತಗಿದ್ದುದು ಬೆರಳಿಗೆ ತಿಳಿಯಿತು. ಅದರ ಮೇಲೆ ಯಾರೋ ದಿನವೂ ಪುಡಿ ಹಾಕುತ್ತಿದ್ದುದೂ ತಿಳಿಯಿತು. ಪುಡಿಯ ಡಬ್ಬಿ ಕೈಗೆಟಕುವಲ್ಲೇ ಇತ್ತು. ಹಾಕಿದಳು. ಹೊಸ ಬಟ್ಟೆ ಹಾಸಲು ಮೂರನೆಯ ಸಲ ಎತ್ತಬೇಕಾಯಿತು. ಎತ್ತಿದಳು. ಅಷ್ಟು ಹೊತ್ತಿಗೆ ಅವಳ ಕೆನ್ನೆ ಒದ್ದೆಯಾಗಿತ್ತು. ಅದು ಬೆವರು ಎಂದುಕೊಂಡಳು.

"ಮೂರು ಸಲ ಎತ್ಬೇಕಾಯ್ತಲ್ಲ ಇವತ್ತು" ಎಂದಳು ಅಮ್ಮ, ಸರಿ ಇದ್ದ ಕೈಯಿಂದ ಅವಳ ಬೆರಳು ಸವರಿ. "ದಣಿದಿದೀಯ. ಹೋಗು, ಸ್ವಲ್ಪ ಮಲ್ಕೋ. ಇನ್ನು ಕರೆಯಲ್ಲ."

ದುಮಾರಿಯಾ ಮೂಲೆಯ ಬಕೆಟ್ಟಿನಲ್ಲಿ ಕೈ ತೊಳೆದು, ಹೇಗೆ ಹೋಗಿದ್ದಳೋ ಹಾಗೆಯೇ ಬಂದು ಕೂತಳು. ಎಲ್ಲರ ಕಣ್ಣೂ ಮುಚ್ಚಿಯೇ ಇತ್ತು. ಕಡುಬು ತಣ್ಣಗಾಗಿ ಎಲೆಗೆ ಅಂಟಿತ್ತು. ಕಾಲು ಜೋಮು ಹಿಡಿದವರು ಹಲ್ಲು ಕಚ್ಚಿ ಕೂತಿದ್ದರು. ಕೊನೆಗೆ ಮಾಂಗಾಸಿಯ ಕೈ, ಕಣ್ಣಿನ ಅಪ್ಪಣೆಯಿಲ್ಲದೆ, ಕಡುಬಿನ ತಟ್ಟೆಯ ಕಡೆಗೆ ತೆವಳಿತು. ಕಾಫಿಯ ಲೋಟವೊಂದು ಉರುಳಿತು.

ಸೊಂದಾಂಗ್ ಬೆಚ್ಚಿ ಕಣ್ಣು ತೆರೆದಳು. ಎದುರಿಗೆ ಸಾಲು ಸಾಲು ಮುಚ್ಚಿದ ಕಣ್ಣುಗಳು. ಬಟಕರ ಮನೆಯಲ್ಲಿ ಹುಟ್ಟಿದ ಹೆಣ್ಣು ಇಂಥಲ್ಲಿ ಏನು ಹೇಳಬೇಕೆಂದು ಯೋಚಿಸಬೇಕಾಗಿಲ್ಲ.

"ಆಮೆನ್" ಎಂದಳು.

"ಆಮೆನ್!" ಎಂದಿತು ಮನೆ, ಬಿಡುಗಡೆಯ ದನಿಯಲ್ಲಿ.

ಪಾದ್ರಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ನಾನು ಎಷ್ಟೋ ಪ್ರಾರ್ಥನೆ ಕೇಳಿದೀನಿ. ಇಂಥದ್ದು ಕೇಳಿಲ್ಲ. ಒಂದು ಮಾತಿಲ್ಲ! ಮಾತು ಮುಗಿದ ಮೇಲೆ ಶುರುವಾಗೋ ಪ್ರಾರ್ಥನೆ ಇದು."

"ಚಮಚ ಕೇಳಿದ್ರಾ?" ಎಂದ ಮಾಂಗಾಸಿ, ಕಡುಬು ತುಂಬಿದ ಬಾಯಲ್ಲಿ. "ಅಜ್ಜಿ ಬಡಿದ್ರು, ಬಡಿದ್ರು. ಈ ತಾಯಿ ಕೂತಲ್ಲಿಂದ ಏಳಲಿಲ್ಲ. ಪ್ರಾರ್ಥನೆಯ ಬಲದಿಂದಾನೇ ನಿಂತೋಯ್ತು ನೋಡಿ! ತಾನಾಗೇ ನಿಂತೋಯ್ತು!"

"ಹೌದು, ತಾನಾಗೇ!" ಎಂದರು ಇಬ್ಬರು ಮೂವರು. ಯಾರಿಗೋ ಮೈ ಜುಮ್ಮೆಂದಿತಂತೆ. ಯಾರಿಗೋ ತಂಗಾಳಿ ಬೀಸಿ ಹೋದ ಹಾಗಾಯಿತಂತೆ. ಅದು ತಾನು ಪರದೆ ಸರಿಸಿದ ಗಾಳಿಯೆಂದು ದುಮಾರಿಯಾಳಿಗೆ ಗೊತ್ತಿತ್ತು. ಅವಳು ಒದ್ದೆ ಕೈಗಳನ್ನು ಮಡಿಲಲ್ಲಿ ಮುಚ್ಚಿಕೊಂಡಳು.

ಪಾದ್ರಿ ಸುತ್ತ ನೋಡಿದರು. "ಈ ಕೇರಿಯಿಂದ ಒಂದು ಹೆಸರು ಕೇಳೋಕೆ ಬಂದಿದ್ದೆ."

"ಇನ್ನೇನು ಕೇಳೋದು" ಎಂದ ಮಾಂಗಾಸಿ. "ಸೊಂದಾಂಗ್!"

"ಸೊಂದಾಂಗ್!" ಎಂದವು ಚಾಪೆಗಳು. ಸಾಹಾತನೂ ಹೇಳಿದ, ಹೇಳಿಯಾದ ಮೇಲೆ ಹೆಂಡತಿಯ ನೆನಪಾಗಿ ಕೆಮ್ಮಿದ.

ಸೊಂದಾಂಗ್ ಗದ್ದ ಒರೆಸಿಕೊಳ್ಳುತ್ತ ಎಲ್ಲರ ಮುಖ ನೋಡಿದಳು. "ನಾನಾ? ನಂಗೆಲ್ಲಿ ಆಗುತ್ತೆ ಅಯ್ಯಾ? ಹಿರಿಯಳು ಅಂದ್ರೆ ಸಂಜೆ ಹೊತ್ತು ಮನೆ ಮನೆಗೆ ಹೋಗ್ಬೇಕು. ಅಮ್ಮನ್ನ ಯಾರು ನೋಡ್ಕೋತಾರೆ?"

"ಮಗಳು ಪಕ್ಕದಲ್ಲೇ ಇದಾರಲ್ಲ" ಎಂದರು ಪಾದ್ರಿ. ದುಮಾರಿಯಾಳ ಕಡೆ ತಿರುಗಿ ಪ್ರೀತಿಯಿಂದ ನಕ್ಕರು. "ಸಂಜೆ, ರಾತ್ರಿ ನೀವು ಒಪ್ಪಿಸ್ಕೊಳ್ಳಿ ಸಹೋದರಿ. ಕಷ್ಟ ಏನಿಲ್ಲ. ದೇವರು ಬಲ ಕೊಡ್ತಾನೆ."

ತಿಯಾಮ್ಸಾಳಿಗೆ ಆ ಹೊತ್ತಿಗೇ ಸರಿಯಾಗಿ ಕಡುಬು ಗಂಟಲಲ್ಲಿ ಸಿಕ್ಕಿಕೊಂಡು ಬೆನ್ನು ತಟ್ಟಬೇಕಾಯಿತು.

ಜನ ಎದ್ದು ಚಪ್ಪಲಿ ಹುಡುಕುತ್ತಿದ್ದಾಗ ಅದೇ ತಿಯಾಮ್ಸಾ ಪಕ್ಕಕ್ಕೆ ಬಂದು ನಿಂತಳು. "ದುಮಾರಿಯಾ, ನಾನು ಕಣ್ಣು ತೆರೀಲಿಲ್ಲ, ಆಣೆಗೂ ತೆರೀಲಿಲ್ಲ. ಆದ್ರೆ ಕಿವಿ ಮುಚ್ಚಬೇಕು ಅಂತ ನಿಯಮ ಇಲ್ವಲ್ಲ. ಕಂಬದ ಕಡೆಯಿಂದ ಸಣ್ಣಗೆ ಗೊರಕೆ ಬಂದ ಹಾಗಿತ್ತು. ನಿಂಗೆ ಕೇಳಿಸ್ತಾ?"

ಒಂದು "ಹೂಂ" ಸಾಕಾಗಿತ್ತು. ತಿಯಾಮ್ಸಾಳಿಗೆ ಹೇಳಿದರೆ ಬೆಳಗಾಗುವಷ್ಟರಲ್ಲಿ ಬಾವಿಕಟ್ಟೆಗೆ, ಬಾವಿಕಟ್ಟೆಯಿಂದ ಪಾದ್ರಿಯ ಮನೆಗೆ. ದರ್ಜಿಯ ಹತ್ತಿರ ಅಳತೆ ಇನ್ನೂ ಇತ್ತು.

"ಅದು ಮಾಂಗಾಸಿ ಹೊಟ್ಟೆ" ಎಂದಳು ದುಮಾರಿಯಾ.

"ಹೊಟ್ಟೆ ಗೊರಕೆ ಹೊಡೆಯುತ್ತಾ?"

"ಅವನದು ಹೊಡೆಯುತ್ತೆ. ನಡಿ, ಕತ್ತಲಾಯ್ತು."

ಮನೆ ಖಾಲಿಯಾದ ಮೇಲೆ ಸೊಂದಾಂಗ್ ಅಮ್ಮನ ಕೋಣೆಗೆ ಹೋಗಿ, ದೀಪ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಹೊರಗೆ ಬಂದಳು. ಅವಳ ಮುಖದಲ್ಲಿ ಗೊಂದಲವಿತ್ತು.

"ಎದಾ, ಅಮ್ಮನ ಹಾಸಿಗೆ ಒಣಗಿದೆ. ಬಟ್ಟೆ ಬದಲಾಗಿದೆ, ಪುಡೀನೂ ಹಾಕಿದೆ. ನಾನೇ ಮಾಡಿದ್ನಾ? ಯಾವಾಗ ಮಾಡ್ದೆ? ಈಗೀಗ ಮಾಡಿದ್ದೆಲ್ಲ ಮರೆತೋಗುತ್ತೆ ನಂಗೆ." ಹಣೆ ಒತ್ತಿಕೊಂಡಳು. "ಆದ್ರೂ ಇವತ್ತು ಏನೋ ಹಗುರ ಅನ್ಸುತ್ತೆ. ಎಷ್ಟೋ ದಿನ ಆಗಿತ್ತು ಹಿಂಗೆ ಅನ್ಸಿ. ನೀನು ಹೇಳ್ತಿದ್ದೆ, ನಾನೇ ನಗ್ತಿದ್ದೆ. ಆ ಬಲ ನಿಜವಾಗ್ಲೂ ಬರುತ್ತೇನೋ."

ದುಮಾರಿಯಾಳ ಬಾಯಿ ಅಭ್ಯಾಸದಂತೆ ತೆರೆಯಿತು. ಅದನ್ನು ಮುಚ್ಚಿಕೊಂಡು, ಚಾಪೆಯೊಂದನ್ನು ಎತ್ತಿ ಅತ್ತಿಗೆಯ ಕೈಗಿಟ್ಟಳು. "ಚಾಪೆ ತಗೊಂಡು ನಮ್ಮನೆಗೆ ಹೋಗು" ಎಂದಳು. "ಇವತ್ತು ನಾನು ಇಲ್ಲೇ ಇರ್ತೀನಿ. ಹೋಗು, ಹೋಗು. ನಿಂತು ನೋಡ್ಬೇಡ, ಮನಸ್ಸು ಬದಲಾಗಿಬಿಟ್ಟೀತು."

ಸೊಂದಾಂಗ್ ಚಾಪೆ ಸುತ್ತಿಕೊಂಡು, ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಅಂಗಳ ದಾಟಿದಳು. ಬಾಗಿಲಲ್ಲಿ ಸಾಹಾತ್ ಉಳಿದಿದ್ದ.

"ಒಂದು ಕೇಳ್ತೀನಿ" ಎಂದ. "ಪ್ರಾರ್ಥನೆ ನಡುವೆ ನನ್ನ ಬೆನ್ನ ಹಿಂದೆ ನಿನ್ನ ಜಾಗ ಖಾಲಿ ಇತ್ತಲ್ಲ, ಎಲ್ಲಿ ಹೋಗಿದ್ದೆ?"

"ನೀವು ಕಣ್ಣು ತೆಗೆದು, ಅದೂ ಹಿಂದೆ ತಿರುಗಿ ನೋಡಿದ್ರಾ?"

ಸಾಹಾತ್ ಆಕಾಶ ನೋಡಿ, ಮಳೆ ಬರುವ ಹಾಗಿಲ್ಲ ಎಂದು ಹೇಳಿ ಹೊರಟುಹೋದ.

ದುಮಾರಿಯಾ ಉರುಳಿದ ಲೋಟ ಎತ್ತಿಟ್ಟು ನೆಲ ಒರೆಸಿದಳು. ಮುಂದಿನ ಗುರುವಾರ ಕೂಟದಲ್ಲಿ ದೇವರ ಕರುಣೆಗೆ ಸಾಕ್ಷಿ ಹೇಳುವ ಸರದಿ ಅವಳದೇ ಆಗಿತ್ತು. ಇಂದು ನಡೆದದ್ದು ಒಳ್ಳೆಯ ಸಾಕ್ಷಿಯೇ. ಕರ್ತನು ಬಲ ಕೊಟ್ಟ ಕಥೆಗಳನ್ನು ಅವಳು ಎಷ್ಟೋ ಸಲ ಹೇಳಿದ್ದಳು, ಎಲ್ಲವೂ ಬೇರೆಯವರವು. ಮೊದಲ ಸಲ ಸ್ವಂತದ್ದೊಂದು ಸಿಕ್ಕಿತ್ತು. ಮನಸ್ಸಿನಲ್ಲೇ ಒಂದೆರಡು ವಾಕ್ಯ ಹೊಂದಿಸಿ ನೋಡಿದಳು. ಹೇಳಬೇಕಾದರೆ ಸೊಂದಾಂಗ್ ಮಲಗಿದ್ದಳೆನ್ನಬೇಕು, ತಾನು ಕಣ್ಣು ತೆರೆದಿದ್ದೆನೆನ್ನಬೇಕು, ಚಮಚ ಕಿತ್ತುಕೊಳ್ಳಲು ಹೋಗಿದ್ದೆನೆನ್ನಬೇಕು, ಅಮ್ಮ ಯಾರನ್ನು ಕರೆಯಬೇಡ ಎಂದಳೆನ್ನುವುದನ್ನೂ ಹೇಳಬೇಕು. ಇದನ್ನೆಲ್ಲ ಬಿಟ್ಟು ಉಳಿದದ್ದನ್ನು ಹೇಳಿದರೆ ಅದು ಹದ್ದಿನ ಚಿತ್ರದ ಹಾಗೆ ಚಂದವಾಗಿರುತ್ತಿತ್ತು, ಅಷ್ಟೇ.

ಅವಳು ಬಾಗಿಲು ಹಾಕಿ, ದೀಪ ಸಣ್ಣದು ಮಾಡಿ, ಅಮ್ಮನ ಮಂಚದ ಪಕ್ಕ ನೆಲದ ಮೇಲೆ ಕಾಲು ಚಾಚಿದಳು. ಗಂಡನಿಗೂ ಬೇಡ, ಸೊಂದಾಂಗಳಿಗೂ ಬೇಡ, ಪಾದ್ರಿಗಂತೂ ಬೇಡವೇ ಬೇಡ. ಯಾರಿಗೂ ಹೇಳುವುದಿಲ್ಲ ಎಂದು ತೀರ್ಮಾನಿಸಿದಳು.